ಕುರಿಯ ಹೊಟ್ಟೆಯ ಪಟ್ಟು ಬಿಡದ ಹುಳ

ಮಳೆ ಬಿದ್ದು ಬಾಗಲವಾಡ, ಮಾನ್ವಿ ಸೀಮೆಯ ಬದುಗಳಲ್ಲಿ ಹುಲ್ಲು ಚಿಗುರಿದಾಗ, ಮೇಯುವ ಕುರಿಗಳ ಹೊಟ್ಟೆಗೆ ಹೀಮಾಂಕಸ್ ಜಂತುಹುಳದ ಮರಿಗಳೂ ಇಳಿಯುತ್ತವೆ. ಬೆಳೆದ ಹೆಣ್ಣುಹುಳ ಎರಡು-ಮೂರು ಸೆಂ.ಮೀ. ಉದ್ದ. ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿ ಅಂಡಾಶಯ ಹುರಿಯಂತೆ ಸುತ್ತಿಕೊಂಡಿರುತ್ತದೆ. ದಿನಕ್ಕೆ 5,000ಕ್ಕೂ ಮಿಕ್ಕಿ ಮೊಟ್ಟೆ ಇಡಬಲ್ಲದು.

ಕುರಿಯ ಮೈಯೂ ಸುಮ್ಮನಿರುವುದಿಲ್ಲ. ಲೋಳೆ ಸುರಿಸುತ್ತದೆ, ಪ್ರತಿಕಾಯಗಳನ್ನೂ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನೂ ಛೂ ಬಿಡುತ್ತದೆ. ಹುಳದ ನಿಜವಾದ ಕಸುಬು ಕಾಣುವುದು ಇಲ್ಲೇ. ಅದು ಸ್ರವಿಸುವ ಕ್ಯಾಲ್‌ರೆಟಿಕ್ಯುಲಿನ್ ಎಂಬ ಪ್ರೋಟೀನು, ರಕ್ಷಣಾ ಸರಪಳಿಯ ಮೊದಲ ಕೊಂಡಿಯಾದ ಸಿ1ಕ್ಯುವನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಹೊರಗಿನ ಹವೆ ಒಗ್ಗದ ಕಾಲದಲ್ಲಿ ಮರಿಹುಳಗಳು ನಾಲ್ಕನೇ ಜಠರದ ಒಳಪೊರೆಯಲ್ಲಿ ಬೆಳವಣಿಗೆಯನ್ನೇ ನಿಲ್ಲಿಸಿ ತಿಂಗಳುಗಟ್ಟಲೆ ತೆಪ್ಪಗಿರುತ್ತವೆ.

ಎಂಥ ತಾಳ್ಮೆ!

ಈ ಜಾಣತನಕ್ಕೆ ಸರಿಸಾಟಿಯಾದದ್ದು ವಿಜ್ಞಾನಿಗಳ ಉಪಾಯ. ಹುಳದ ಕರುಳಿನ ಪ್ರೋಟೀನುಗಳು ಕುರಿಯ ಮೈಗೆ ಸಾಮಾನ್ಯವಾಗಿ ಎದುರಾಗುವುದೇ ಇಲ್ಲ. ಅವುಗಳಿಂದಲೇ ಲಸಿಕೆ ಮಾಡಿದರು. ಹುಳ ಹೀರುವ ರಕ್ತದಲ್ಲೇ ಲಸಿಕೆಯಿಂದ ಹುಟ್ಟಿದ ಪ್ರತಿಕಾಯ ಹೋಗಿ ಅದರ ಕರುಳನ್ನು ಕೆಡಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಈ ಲಸಿಕೆ 2014ರಲ್ಲಿ ಬಳಕೆಗೆ ಬಂತು.

ರಕ್ತ ಹೀರುವ ಈ ಹುಳದ ಸುಳಿವಿಗಾಗಿ ನಮ್ಮ ಕುರಿಗಾರರು ಕುರಿಯ ಕೆಳರೆಪ್ಪೆ ಬಿಡಿಸಿ ನೋಡಲಿ. ಒಳಬದಿ ಬಿಳಿಚಿದ್ದರೆ, ದವಡೆಯಡಿ ಬಾತಿದ್ದರೆ, ತಡಮಾಡದೆ ಪಶುವೈದ್ಯರ ಬಳಿ ಹಿಕ್ಕೆ ಪರೀಕ್ಷೆ ಮಾಡಿಸಲಿ.