ಪೊಲೀಸರಿಗೆ ಗೊತ್ತಿದ್ದಷ್ಟೇ

ರೋಲ್ಡ್ ಡಾಲ್ 1953ರಲ್ಲಿ ಪ್ರಕಟಿಸಿದ ‘ಲ್ಯಾಂಬ್ ಟು ದಿ ಸ್ಲಾಟರ್’ ಕಥೆಯನ್ನು ಪತ್ರಿಕಾ ವರದಿಯಾಗಿ ತಿದ್ದಿ ಬರೆಯುವುದಿದೆಯಲ್ಲ, ಅಷ್ಟು ಸೊಗಸಾದ ಬರವಣಿಗೆಯ ಕಸರತ್ತು ನಾನು ಬೇರೆ ಕಂಡಿಲ್ಲ. ಗರ್ಭಿಣಿ ಮೇರಿ, ತನ್ನನ್ನು ತೊರೆಯಲು ಹೊರಟ ಪೊಲೀಸ್ ಗಂಡನ ತಲೆಗೆ ಹೆಪ್ಪುಗಟ್ಟಿದ ಕುರಿಮರಿಯ ತೊಡೆಯಿಂದ ಹೊಡೆದು ಕೊಲ್ಲುತ್ತಾಳೆ. ಅದನ್ನೇ ಬೇಯಿಸಿ ತನಿಖೆಗೆ ಬಂದವರಿಗೆ ಉಣಿಸುತ್ತಾಳೆ. ಓದುಗರಿಗೆ ಎಲ್ಲ ಗೊತ್ತು. ವರದಿಗಾರನಿಗೆ ಗೊತ್ತಿರುವುದು ಪೊಲೀಸರು ಹೇಳಿದ್ದಷ್ಟೇ.

ಕಥೆ ಶುರುವಾಗುವುದು ದೀಪ ಹಚ್ಚಿಟ್ಟ ಬೆಚ್ಚನೆಯ ಕೋಣೆಯಿಂದ. ವರದಿ ಶುರುವಾಗುವುದು ಹೆಣದಿಂದ. ಪ್ಯಾಟ್ರಿಕ್ ಮಲೋನಿ ಮನೆಯಲ್ಲೇ ಕೊಲೆಯಾಗಿದ್ದಾರೆ, ತಲೆಯ ಹಿಂಭಾಗಕ್ಕೆ ಭಾರವಾದ ವಸ್ತುವಿನಿಂದ ಹೊಡೆಯಲಾಗಿದೆ, ಆಯುಧ ಪತ್ತೆಯಾಗಿಲ್ಲ. ಹೊಡೆದವರು ಯಾರೆಂದು ಹೇಳದ ಆ ವಾಕ್ಯ ಮೇರಿಯನ್ನು ಎಷ್ಟು ನಾಜೂಕಾಗಿ ಮರೆಮಾಡುತ್ತದೆ! ಕಥೆಯಲ್ಲಿ ಅವಳು ಕನ್ನಡಿಯ ಮುಂದೆ ಕೂತು ಅಂಗಡಿಯಲ್ಲಿ ಆಡಬೇಕಾದ ಮಾತು, ನಗು ಎರಡನ್ನೂ ಅಭ್ಯಾಸ ಮಾಡುತ್ತಾಳೆ. ವರದಿಗೆ ಆ ಕನ್ನಡಿ ಕಾಣುವಂತಿಲ್ಲ. ಅಲ್ಲಿರುವುದು ಅಂಗಡಿಯ ಸ್ಯಾಮ್ ಹೇಳಿಕೆ ಮಾತ್ರ: ಆಕೆ ಗಂಡನ ಊಟಕ್ಕೆಂದು ಆಲೂಗಡ್ಡೆ, ಬಟಾಣಿ ಕೊಂಡರು, ಎಂದಿನಂತೆಯೇ ಇದ್ದರು. ಸುಳ್ಳು ಸಾಕ್ಷ್ಯವೊಂದು ಸತ್ಯದ ಧಾಟಿಯಲ್ಲಿ ಅಚ್ಚಾಗುವ ಈ ಜಾಗ ಪ್ರತಿ ಸಲವೂ ನನ್ನನ್ನು ಬೆರಗುಗೊಳಿಸುತ್ತದೆ.

ಇನ್ನು ಕೊನೆಯ ಪ್ಯಾರಾ. ಜಾಗ ಸಾಲದಿದ್ದರೆ ಸುದ್ದಿಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಪಳಗಿದ ಕೈ ಅಲ್ಲಿಯೇ ಒಂದು ಸಾಲು ಇಟ್ಟಿರುತ್ತದೆ: ರಾತ್ರಿ ಒಂಬತ್ತಾದರೂ ಶೋಧ ಮುಗಿಯದ್ದರಿಂದ ತನಿಖಾ ಸಿಬ್ಬಂದಿ ಮೃತರ ಮನೆಯಲ್ಲೇ ಊಟ ಮಾಡಿದರು. ವಿಶೇಷಣವಿಲ್ಲ, ಉದ್ಗಾರವಿಲ್ಲ, ಊಟಕ್ಕೆ ಏನಿತ್ತೆಂಬ ಮಾತೂ ಇಲ್ಲ.