ಅಕಾರಾದಿಗೆ ಸಿಕ್ಕ ಹೆರಾಕ್ಲಿಟಸ್

ಹರ್ಮನ್ ಡೀಲ್ಸ್ 1903ರಲ್ಲಿ ಪ್ರಕಟಿಸಿದ, ಮುಂದೆ ವಾಲ್ಟರ್ ಕ್ರಾಂಟ್ಸ್ ಪರಿಷ್ಕರಿಸಿದ ಸಾಕ್ರಟೀಸ್‌ಪೂರ್ವ ಚಿಂತಕರ ಸಂಕಲನಕ್ಕೆ ಸಲ್ಲುತ್ತಿರುವ ಗೌರವದಲ್ಲಿ ಅರ್ಧದಷ್ಟು ಬರೀ ರೂಢಿಯದು. ಅದರ ಪಾಂಡಿತ್ಯ ದೊಡ್ಡದು, ಒಪ್ಪುತ್ತೇನೆ. ಹೆರಾಕ್ಲಿಟಸ್‌ನ ಅಧ್ಯಾಯ ಮಾತ್ರ ಓದುಗರ ದಾರಿ ತಪ್ಪಿಸಿದೆ.

ಅವನ ಗ್ರಂಥ ಅಳಿದುಹೋಗಿ ಅನ್ಯರು ಉದ್ಧರಿಸಿದ ತುಣುಕುಗಳಷ್ಟೇ ಉಳಿದಿವೆ. ಡೀಲ್ಸ್ ಮೊದಲೆರಡನ್ನು ಮುಂದಿಟ್ಟು, ಮಿಕ್ಕವನ್ನು ಉದ್ಧರಿಸಿದವರ ಹೆಸರಿನ ಅಕಾರಾದಿಯಲ್ಲಿ ಜೋಡಿಸಿದರು. ಇದನ್ನು ನಿಷ್ಪಕ್ಷಪಾತವೆಂದು ಹೊಗಳುವವರು ಹೆರಾಕ್ಲಿಟಸ್‌ನ ನದಿಯ ಮಾತಿಗೆ ಏನಾಯಿತೆಂದು ನೋಡಬೇಕು. ಆರಿಯಸ್ ಡಿಡಿಮಸ್ ಉಳಿಸಿದ್ದು 12ನೆಯದಾಯಿತು. ಹೋಮರನ ವ್ಯಾಖ್ಯಾನಕಾರನಾದ ಇನ್ನೊಬ್ಬ ಹೆರಾಕ್ಲಿಟಸ್‌ನದು 49ಎ. ಪ್ಲುಟಾರ್ಕ್‌ನದು ದೂರದ 91.

12ರಲ್ಲಿ ನದಿ ಅದೇ, ಇಳಿದವರ ಮೇಲೆ ಹರಿಯುವ ನೀರು ಮಾತ್ರ ಬೇರೆ ಬೇರೆ. 91ರ ಪ್ರಕಾರ ಒಂದೇ ನದಿಗೆ ಎರಡನೆಯ ಸಲ ಇಳಿಯುವುದೇ ಅಸಾಧ್ಯ. ಹರಿವಿನಿಂದಲೇ ನದಿ ನದಿಯಾಗಿ ನಿಲ್ಲುತ್ತದೆ ಎನ್ನುವುದು ಒಂದು ದರ್ಶನ. ಯಾವುದೂ ನಿಲ್ಲದು ಎನ್ನುವುದು ತೀರಾ ಬೇರೆ ದರ್ಶನ. ಇವು ಒಂದೇ ಮಾತಿನ ಪಾಠಾಂತರಗಳಿರಬಹುದು. ಆದರೆ ಸಂಖ್ಯೆ ಬಿದ್ದದ್ದೇ ತಡ, ಮೂರೂ ಸ್ವತಂತ್ರ ಸೂಕ್ತಿಗಳಂತೆ ಕಾಣತೊಡಗಿದವು. ಸಂದರ್ಭಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸದ ಕಾರಣ ಹೊಳೆಯುತ್ತದೆ. ಆರಿಯಸ್‌ನಲ್ಲಿ ಸ್ಟೋಯಿಕ್ ಕ್ಲಿಯಾಂತಿಸ್ ಚರ್ಚಿಸುತ್ತಿರುವುದು ತೇವದಿಂದ ಆವಿಯಾಗಿ ಏಳುವ ಆತ್ಮವನ್ನು. ನದಿ ಅದಕ್ಕೆ ಉಪಮಾನ. ಪ್ಲುಟಾರ್ಕ್‌ನ ಸಂವಾದದಲ್ಲಿ ಮರ್ತ್ಯರಿಗೆ ನಿಜವಾದ ಇರವಿನಲ್ಲಿ ಪಾಲಿಲ್ಲವೆಂಬ ಪ್ಲೇಟೋ ಪಂಥದ ವಾದಕ್ಕೆ ಅದೇ ನದಿ ಸಾಕ್ಷಿ ಹೇಳುತ್ತದೆ. ಪ್ಲೇಟೋನ ‘ಕ್ರಾಟಿಲಸ್’ನಲ್ಲೂ ನದಿ ಹೀಗೆಯೇ ಬರುತ್ತದೆ. ನಾವೆಲ್ಲ ಬಾಯಿಪಾಠ ಮಾಡಿರುವ ಹೆರಾಕ್ಲಿಟಸ್ ಬಹುಮಟ್ಟಿಗೆ ಪ್ಲೇಟೋ ಕಂಡ ಹೆರಾಕ್ಲಿಟಸ್.

1954ರಲ್ಲಿ ವಿದ್ವಾಂಸ ಕರ್ಕ್ 12ನೆಯದೇ ಅಸಲಿ ಎಂದರು. ಮರುವರ್ಷ ಇನ್ನೊಬ್ಬ ವಿದ್ವಾಂಸ ವ್ಲಾಸ್ಟಸ್ ಅದನ್ನು ಖಂಡಿಸಿ 91ರ ಪರ ನಿಂತರು. ಈ ಜಗಳದಲ್ಲಿ ನಾನು ಕರ್ಕ್ ಪಕ್ಷ. ವ್ಲಾಸ್ಟಸ್‌ಗೆ ಹಿಡಿಸಿದ್ದು 91ರ ವಿರೋಧಾಭಾಸದ ಮೊನಚು. ಅಂಥ ಮೊನಚನ್ನು ಉದ್ಧರಿಸಿದವರೂ ಹಚ್ಚಬಲ್ಲರು. 12ರ ತಣ್ಣನೆಯ ಮಾತಿನೊಳಗಿನ ಬಿಗಿತವನ್ನು ವ್ಲಾಸ್ಟಸ್ ಕಡೆಗಣಿಸಿದ್ದು ಅನ್ಯಾಯ. 1979ರಲ್ಲಿ ಚಾರ್ಲ್ಸ್ ಕಾನ್ ತುಣುಕುಗಳನ್ನು ತಮ್ಮದೇ ಕ್ರಮದಲ್ಲಿ ಜೋಡಿಸಿದರು. ಅದು ಸ್ವಕಪೋಲಕಲ್ಪಿತ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಕಾನ್ ತಮ್ಮ ಕ್ರಮ ತಮ್ಮದೆಂದು ಬಾಯಿಬಿಟ್ಟು ಹೇಳಿದ್ದಾರೆ. ಅಕಾರಾದಿಯೂ ಒಂದು ವ್ಯಾಖ್ಯಾನ. ಹೆರಾಕ್ಲಿಟಸ್ ಬಿಡಿಬಿಡಿ ಸೂಕ್ತಿಗಳನ್ನು ಬರೆದವನು ಎಂಬ ಡೀಲ್ಸರ ನಂಬಿಕೆ ಅದರ ಬೆನ್ನಿಗಿದೆ.

ಡೀಲ್ಸರ 50ರಿಂದ 67ರವರೆಗಿನವೆಲ್ಲ ಹಿಪೊಲಿಟಸ್‌ನಿಂದ ಬಂದವು. ನೋಯಿಟಸ್‌ನ ಪಾಷಂಡಮತದ ಬೇರು ಹೆರಾಕ್ಲಿಟಸ್‌ನಲ್ಲಿದೆಯೆಂದು ತೋರಿಸಲು ಆ ಕ್ರೈಸ್ತ ಲೇಖಕ ಆರಿಸಿದವು. ಸರಣಿಯೇನೋ ಒಟ್ಟಿಗೆ ಉಳಿಯಿತು, ಅದನ್ನು ಹೆಣೆದ ವಾದ ಕಣ್ಮರೆಯಾಯಿತು. ಉದ್ಧರಿಸಿದವನ ವಾದದೊಳಗಿಟ್ಟೇ ಇವನ್ನು ಓದಬೇಕೆಂದು 1987ರಲ್ಲಿ ಪಟ್ಟುಹಿಡಿದವರು ಕ್ಯಾಥರೀನ್ ಆಸ್ಬೋರ್ನ್. ಹೆರಾಕ್ಲಿಟಸ್‌ನನ್ನು ಹೊಸದಾಗಿ ಓದಹೊರಟವರಿಗೆ ನಾನು ಮೊದಲು ಸೂಚಿಸುವುದು ಅವರ ಪುಸ್ತಕವನ್ನು, ಡೀಲ್ಸ್ ಆಮೇಲೆ.