ಒಂದು ಗುಂಡಿಗೂ ಮುಂದಿನದಕ್ಕೂ ನಡುವೆ

ಕಿತ್ತೂರಿನ ಕಥೆ ತೆರೆಗೆ ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಸಿಪಾಯಿಗಳ ಹೆಗಲ ಮೇಲಿನ ಬಂದೂಕಿನತ್ತ. ಬಿ.ಆರ್. ಪಂತುಲು 1961ರಲ್ಲಿ ಬಿ. ಸರೋಜಾದೇವಿ ಅವರನ್ನು ರಾಣಿಯಾಗಿಸಿ ತೆಗೆದ ‘ಕಿತ್ತೂರು ಚೆನ್ನಮ್ಮ’ ಇರಲಿ, 2012ರಲ್ಲಿ ನಾಗಣ್ಣ ನಿರ್ದೇಶಿಸಿ ದರ್ಶನ್ ನಟಿಸಿದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಇರಲಿ, ನವಲಗುಂದ, ಕಲಘಟಗಿ, ಅಣ್ಣಿಗೇರಿ ಕಡೆಯ ನಮಗೆ ಅವು ಮಗ್ಗುಲ ಊರಿನ ಕಥೆ. ಅವುಗಳ ಕತ್ತಿವರಸೆಯ ಬಗ್ಗೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಮಾತು ನಡೆಯುತ್ತದೆ. ಬಂದೂಕಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಕಿತ್ತೂರಿನ ಕಾಳಗ ನಡೆದ 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸಿಪಾಯಿಯ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ ಬಂದೂಕು, ಇಂಗ್ಲಿಷರ ಬಾಯಲ್ಲಿ ‘ಬ್ರೌನ್ ಬೆಸ್’. ನಳಿಗೆಯೇ 39 ಇಂಚು, ಒಟ್ಟು ತೂಕ ನಾಲ್ಕು ಕಿಲೋ ದಾಟುತ್ತದೆ. ನಳಿಗೆಯ ಬಾಯಿ ಸುಮಾರು 19 ಮಿಲಿಮೀಟರ್, ಸೀಸದ ಗುಂಡು ಅದಕ್ಕಿಂತ ತುಸು ಸಣ್ಣದು. ತುಂಬುವುದೇ ಒಂದು ಕೆಲಸ. ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು, ಚಿಟಿಕೆ ಮದ್ದನ್ನು ಪಕ್ಕದ ಪುಟ್ಟ ಬಟ್ಟಲಿಗೆ ಹಾಕಿ ಮುಚ್ಚಬೇಕು, ಉಳಿದದ್ದನ್ನು ನಳಿಗೆಗೆ ಸುರಿದು, ಗುಂಡು ಇಳಿಸಿ, ಗಜದಿಂದ ಜಡಿದು, ಕುದುರೆ ಎಳೆಯಬೇಕು. ಚೆನ್ನಾಗಿ ಪಳಗಿದವನಿಗೆ ನಿಮಿಷಕ್ಕೆ ಎರಡು, ಹೆಚ್ಚೆಂದರೆ ಮೂರು ಏಟು. ನೂರು ಗಜ ದಾಟಿತೆಂದರೆ ಗುರಿ ನಂಬುವ ಹಾಗಿಲ್ಲ.

ಇದನ್ನು ಪುಸ್ತಕದಿಂದಲೇ ಕಲಿಯಬೇಕಿಲ್ಲ. ಕಲಘಟಗಿಯ ಅಡವಿ ಅಂಚಿನಲ್ಲಿ ಕಾಡುಹಂದಿ ಕಾಯುವ ರೈತರಿಗೆ ಮದ್ದು ತುಂಬುವ ಬಂದೂಕು ಹೊಸದಲ್ಲ. ಬೆಳೆ ರಕ್ಷಣೆಗಾಗಿ ಅಂಥ ಬಂದೂಕಿಗೆ ಲೈಸೆನ್ಸ್ ಕೊಡುವ ಅವಕಾಶ 1959ರ ಆಯುಧ ಕಾಯ್ದೆಯಲ್ಲೇ ಇದೆ. ಅವರದರಲ್ಲಿ ಮದ್ದಿಗೆ ಕಿಡಿ ಹೊತ್ತಿಸುವುದು ಕಲ್ಲಲ್ಲ, ಕೇಪು. ಆದರೂ ಮದ್ದಿನ ಅಳತೆ, ಗಜ ಜಡಿಯುವ ಹದ, ಏಟು ತಪ್ಪಿದರೆ ಮತ್ತೆ ತುಂಬುವ ಹೊತ್ತಿಗೆ ಹಂದಿ ಹೊಲ ದಾಟಿರುತ್ತದೆಂಬ ಅರಿವು, ಇವೆಲ್ಲ ಅವರ ಕೈಯಲ್ಲಿವೆ. ಸಿನಿಮಾದವರು ಸ್ಟಂಟ್ ಮಾಸ್ತರರ ಜೊತೆ ಇಂಥ ಒಬ್ಬ ಹಿರಿಯರನ್ನೂ ಸೆಟ್ಟಿಗೆ ಕರೆಸಿಕೊಳ್ಳಬೇಕು.

ಏಕೆಂದರೆ ಕಿತ್ತೂರಿನ ಗೆಲುವಿನ ಒಂದು ಗುಟ್ಟು ಆ ತುಂಬುವ ಹೊತ್ತಿನಲ್ಲೇ ಇದೆ ಎಂಬುದು ನನ್ನ ಗಟ್ಟಿ ನಂಬಿಕೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಫಿರಂಗಿಗಳನ್ನು ಕೋಟೆಯೆದುರು ನಿಲ್ಲಿಸಿ, ಬಾಗಿಲು ತೆರೆಯಲು ಗಡುವು ಕೊಟ್ಟ. ಬಾಗಿಲು ತೆರೆಯಿತು; ಹೊರಗೆ ನುಗ್ಗಿದ್ದು ಕಿತ್ತೂರಿನ ಪಡೆ. ಒಮ್ಮೆ ಹಾರಿದ ಬಂದೂಕು ಮತ್ತೆ ಹಾರಲು ಇಪ್ಪತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಓಡುವ ಆಳು ನೂರು ಗಜ ದಾಟಿ ಮೈಮೇಲೆ ಬಿದ್ದಿರುತ್ತಾನೆ. ಆಮೇಲೆ ಉಳಿಯುವುದು ಸಂಗೀನು, ಕತ್ತಿ. ಥ್ಯಾಕರೆ ಅಲ್ಲೇ ಸತ್ತ. ಅವನನ್ನು ಉರುಳಿಸಿದ ಗುಂಡು ಕಿತ್ತೂರು ಪಡೆಯ ಅಮಟೂರು ಬಾಳಪ್ಪನದು ಎಂದು ನಾಡು ಇವತ್ತಿಗೂ ನೆನೆಯುತ್ತದೆ. ಬಾಳಪ್ಪನ ಕೈಯಲ್ಲಿ ಇದ್ದದ್ದು ಜಾಮಗಿ ಬಂದೂಕೇ ಆಗಿದ್ದರೆ, ಉರಿಯುವ ಹುರಿಯನ್ನು ಜೋಪಾನ ಮಾಡುತ್ತ, ಒಂದೇ ಏಟಿನ ಮೇಲೆ ಎಲ್ಲವನ್ನೂ ಪಣಕ್ಕಿಟ್ಟು ಕಾದ ಆ ಹೊತ್ತು ಎಂಥದ್ದು! ನಮ್ಮ ಚಿತ್ರಗಳಲ್ಲಿ ಸಾಮಾನ್ಯವಾಗಿ ಇಂಥ ಬಂದೂಕುಗಳು ಎಡೆಬಿಡದೆ ಹಾರುತ್ತವೆ. ಹಾಗೆ ಹಾರಿದ ಕೂಡಲೇ ಬಾಳಪ್ಪನ ಧೈರ್ಯದ ಅರ್ಧ ತೂಕ ಹೋಯಿತು.

ಹೊಗೆಯೂ ಅಷ್ಟೇ ಮುಖ್ಯ. ಪೆಟ್ಲುಪ್ಪು, ಇದ್ದಿಲು, ಗಂಧಕ ಕೂಡಿದ ಕರಿಮದ್ದು ಹಾರಿದರೆ ದಟ್ಟ ಬಿಳಿ ಹೊಗೆ ಏಳುತ್ತದೆ. ಗಾಳಿ ಬೀಸದಿದ್ದರೆ ನಾಲ್ಕೈದು ಏಟಿಗೆ ಸಾಲು ಸಾಲೇ ಕಾಣದಾಗುತ್ತದೆ. ಕಲ್ಲಿನ ಬಂದೂಕಿನಲ್ಲಿ ಮೊದಲು ಬಟ್ಟಲಿನ ಮದ್ದು ಕೆನ್ನೆಯ ಬಳಿಯೇ ಭಗ್ಗೆನ್ನುತ್ತದೆ, ಕ್ಷಣ ಬಿಟ್ಟು ಢಂ ಎನ್ನುತ್ತದೆ. ಆ ಎರಡು ಸದ್ದನ್ನು ಬೇರೆಬೇರೆಯಾಗಿ ಕೇಳಿಸುವ ಕನ್ನಡ ಚಿತ್ರಕ್ಕಾಗಿ ನಾನು ಕಾಯುತ್ತಿದ್ದೇನೆ.

ಇನ್ನು ಆಯುಧ ಒಪ್ಪಿಸಲಾರೆವೆಂದು 1857ರಲ್ಲಿ ಎದ್ದ ಹಲಗಲಿಯ ಬೇಡರ ಕಥೆಯನ್ನೋ, 1858ರ ನರಗುಂದದ ಬಾಬಾಸಾಹೇಬನ ಕಥೆಯನ್ನೋ ಯಾರಾದರೂ ದೊಡ್ಡದಾಗಿ ತೆಗೆಯುವುದಾದರೆ, ದಯವಿಟ್ಟು ಕಿತ್ತೂರು ಚಿತ್ರದ ಬಂದೂಕುಗಳನ್ನೇ ಬಾಡಿಗೆಗೆ ತರಬೇಡಿ. ಆ ಹೊತ್ತಿಗೆ ಕಂಪನಿ ಪಡೆಯಲ್ಲಿ ಕಲ್ಲು ಹೋಗಿ ತಾಮ್ರದ ಕೇಪು ಬಂದಿತ್ತು, ನಳಿಗೆಯೊಳಗೆ ಸುರುಳಿ ಗೆರೆ ಕೊರೆದ ಎನ್‌ಫೀಲ್ಡ್ ಕೂಡ ಕಾಲಿಟ್ಟಿತ್ತು. ಅದರ ಏಟು ನೂರಾರು ಗಜ ದೂರ ಮುಟ್ಟುತ್ತಿತ್ತು. ಅದಕ್ಕೆದುರಾಗಿ ಬಯಲಿನಲ್ಲಿ ಓಡಿ ಬರುವುದು ಕಿತ್ತೂರಿನ ಓಟದಂತಲ್ಲ; ಕ್ಯಾಮೆರಾವನ್ನೂ ಇನ್ನಷ್ಟು ಹಿಂದಕ್ಕೆ ಇಡಬೇಕಾಗುತ್ತದೆ.